ಒಂದೂವರೆ ಗೇಣಿನ ಶಟರ್

ಸಾಂತಾಕ್ರೂಜಿನ ಉದಯ ವಿಲಾಸದೊಳಗೆ ನಾನು ಎಷ್ಟು ಸದ್ದಿಲ್ಲದೆ ನುಗ್ಗಿದೆನೆಂದರೆ, ನಾನು ಒಳಗೆ ಹೋದದ್ದು ನನ್ನ ನೆರಳಿಗೇ ಗೊತ್ತಾಗಲಿಲ್ಲ. ಅದು ಪಾಪ, ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನನ್ನ ದಾರಿ ಕಾಯುತ್ತ ನಿಂತುಬಿಟ್ಟಿತ್ತು. ಕೆಲಸ ಮುಗಿಸಿ ಬಂದ ಮೇಲೆ ಅದನ್ನು ಸಮಾಧಾನ ಮಾಡಿ, ಕಾಲಿಗೆ ಅಂಟಿಸಿಕೊಂಡು, ರಿಕ್ಷಾ ಹತ್ತಿಸಬೇಕಾಯಿತು.

ಇದನ್ನು ನಾನು ಮಂಗಳವಾರ ಬೆಳಗ್ಗೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತು ಹೇಳಿದೆ. ಹೆಸರು ಸುಕೇಶ್. ಊರು ಕಾಪುವಿನ ಹತ್ತಿರ. ಜೋಗೇಶ್ವರಿ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಸಿಗುವ ಪಂಚಮಿ ರಿಫ್ರೆಶ್‌ಮೆಂಟ್ಸಿನ ಮ್ಯಾನೇಜರು ನಾನೇ. ನಮ್ಮಲ್ಲಿ ದೋಸೆ ಚೆನ್ನಾಗಿರುತ್ತದೆ, ಆದರೆ ಜನ ಬರುವುದು ನನ್ನ ಮಾತಿಗೆ. ನಮ್ಮ ದೋಸೆ ಭಟ್ಟರೂ ಇದನ್ನು ಒಪ್ಪುತ್ತಾರೆ, ಸ್ವಲ್ಪ ಬೇರೆ ರೀತಿಯಲ್ಲಿ: ನಾನು ಬಾಯಿ ತೆರೆದರೆ ತಿಂದು ಮುಗಿಸಿದವನೂ ಟೇಬಲ್ ಬಿಟ್ಟು ಏಳುವುದಿಲ್ಲವಂತೆ, ಹಸಿದವನು ಬಾಗಿಲಲ್ಲಿ ನಿಂತು ಒಣಗುತ್ತಾನಂತೆ.

ಈ ಕಥೆಯನ್ನು ಮಾತ್ರ ಎಲ್ಲೂ ಹೇಳಬೇಡಿ ಎಂದು ನಿಶ್ಮಿತಾ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ನಿಶ್ಮಿತಾ ನನ್ನ ಅಕ್ಕನ ಮಗಳು, ಅಂಧೇರಿಯಲ್ಲಿ ವಕೀಲಿಕೆ ಓದುತ್ತಿದ್ದಾಳೆ. ಓದುವ ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಅವಳಿಗೆ ಒಂದೇ ಹುಚ್ಚು. ಮುಚ್ಚಿದ ಟಾಕೀಸು, ನಿಂತುಹೋದ ಮಿಲ್ಲು, ಜನ ಖಾಲಿ ಮಾಡಿದ ಚಾಳು, ಇಂಥವನ್ನು ಹುಡುಕಿಕೊಂಡು ಹೋಗಿ, ಕೆಡವುವ ಮೊದಲು ಫೋಟೋ ತೆಗೆಯುವುದು. ಇದೇ ಹುಚ್ಚಿನವರ ಒಂದು ಗುಂಪೇ ಇದೆ. ಭಾನುವಾರ ಅವಳ ಜೊತೆ ನಾನೂ ಉದಯ ವಿಲಾಸಕ್ಕೆ ಹೋಗಿದ್ದೆ. ಅಲ್ಲಿ ಅಲಾರಾಂ ಹೊಡೆಯಿತು. ಹೊಡೆದಾಗ ಕಂಟ್ರೋಲ್ ರೂಮಿನಿಂದ ಬಂದ ಫೋನನ್ನು ವಾಚ್‌ಮನ್ ಖಂಡಪ್ಪ ಎತ್ತಲಿಲ್ಲ. ಅವನು ಡ್ಯೂಟಿಯಲ್ಲಿ ಮಲಗಿದ್ದನೇ ಎಂದು ಸೆಕ್ಯುರಿಟಿ ಏಜೆನ್ಸಿಯವರು ವಿಚಾರಣೆ ಶುರುಮಾಡಿದ್ದರು. ಮಲಗಿದ್ದ ಎಂದಾದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ, ಕಟ್ಟಡದ ಹಿಂದೆ ಅವನೂ ಹೆಂಡತಿ ಸುಂದ್ರವ್ವನೂ ಇರುವ ಖೋಲಿಯೂ ಹೋಗುತ್ತದೆ. ಆದ್ದರಿಂದ ವಿಚಾರಣೆ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಳ್ಳಿ ಮಾಮ ಎಂದಿದ್ದಳು ನಿಶ್ಮಿತಾ.

ಹಾಕಿಕೊಂಡಿದ್ದೆ. ಸೋಮವಾರ ಇಡೀ ದಿನ ಹಾಕಿಕೊಂಡಿದ್ದೆ. ಭಟ್ಟರು ನನಗೆ ಜ್ವರ ಬಂದಿದೆಯೆಂದು ಕಷಾಯ ಮಾಡಿಕೊಟ್ಟರು. ಆದರೆ ಮಂಗಳವಾರ ಬೆಳಗ್ಗೆ ಅನಿಲಕುಮಾರ ಬಂದು, ನಿನ್ನೆ ಯಾಕೆ ಸುಕೇಶಣ್ಣ ಅಷ್ಟು ಸಪ್ಪೆ, ಕಥೆಗಳೆಲ್ಲ ಖಾಲಿಯಾದವೇ ಎಂದು ಕೇಳಿದ. ಅನಿಲಕುಮಾರ ಇಲ್ಲೇ ಹಿಂದಿನ ಸಣ್ಣ ಕಾರ್ಖಾನೆಯ ಗಾಳಾದಲ್ಲಿ ಸ್ಟೀಲ್ ಡಬ್ಬಿ ಮಾಡಿಸುವವನು, ದಿನಾ ಬರುವ ಗಿರಾಕಿ, ನನ್ನ ಮಾತಿನಲ್ಲಿ ತೂತು ಹುಡುಕುವುದೇ ಅವನ ಬೆಳಗಿನ ವ್ಯಾಯಾಮ. ಖಾಲಿ ಎಂಬ ಆ ಶಬ್ದವನ್ನು ನಾನು ಸಹಿಸಲಾರೆ. ಹೋಟೆಲಿನಲ್ಲಿ ಚಟ್ನಿ ಖಾಲಿಯಾಗಬಹುದು, ಸಾಂಬಾರ್ ಖಾಲಿಯಾಗಬಹುದು. ಬೀಗ ತಾನೇ ಕಳಚಿ ಬಿತ್ತು.

ಉದಯ ವಿಲಾಸ ಎಂದರೆ ಸಣ್ಣ ಹೋಟೆಲಲ್ಲ. ನಾನು ಮುಂಬಯಿಗೆ ಬಂದ ಹೊಸದರಲ್ಲಿ ಅಲ್ಲೇ ಇದ್ದದ್ದು. ಸಪ್ಲೈಯರ್ ಎಂದು ಹೆಸರಿಗೆ. ನಿಜಕ್ಕೂ ಧಣಿಗಳು ನನ್ನನ್ನು ದಿನಕ್ಕೊಮ್ಮೆ ಗಲ್ಲಾದ ಬಳಿ ಕರೆದು, ಸುಕೇಶ, ನಾಳೆ ಏನು ಮಾಡಿಸೋಣ ಎಂದು ಕೇಳದೆ ಉದ್ದಿನಬೇಳೆ ನೆನೆಹಾಕಿಸುತ್ತಿರಲಿಲ್ಲ. ಧಣಿಗಳು ತೀರಿಕೊಂಡ ಮೇಲೆ ಹೋಟೆಲು ಮುಚ್ಚಿ ಬಿಲ್ಡರನ ಕೈಗೆ ಹೋಯಿತು. ಕೆಡವುವ ತನಕ ಇರಲಿ ಎಂದು ಅವನು ಅಲ್ಲಿ ಪ್ಲೈವುಡ್ಡು, ಪೇಂಟು, ನಲ್ಲಿಗಳನ್ನು ತುಂಬಿಸಿ, ಅದರ ಕಾವಲಿಗೆ ಅಲಾರಾಂ ಕೂರಿಸಿದ್ದಾನೆ.

ಅಲಾರಾಂ ಎಂದರೆ ಅಂತಿಂಥದ್ದಲ್ಲ ಎಂದು ನಾನು ಗಿರಾಕಿಗಳಿಗೆ ವಿವರಿಸಿದೆ. ಗೋಡೆಯಿಂದ ಗೋಡೆಗೆ ಕೆಂಪು ಕಿರಣಗಳು, ನೂಲಿನ ಹಾಗೆ ಸಾವಿರಾರು. ಅದರ ನಡುವೆ ಸೊಳ್ಳೆ ಹಾರಿದರೂ ಅಂಧೇರಿಯ ಕಂಟ್ರೋಲ್ ರೂಮಿನಲ್ಲಿ ಸೊಳ್ಳೆಯ ಹೆಸರು, ಊರು, ತಾಲೂಕು ಬರುತ್ತದೆ. ನಾನು ಯಕ್ಷಗಾನದ ಕುಣಿತ ಬಲ್ಲವನು, ಆದ್ದರಿಂದ ಒಂದು ಕಿರಣಕ್ಕೆ ಮಂಡಿ, ಇನ್ನೊಂದಕ್ಕೆ ಗಿರಕಿ, ಮತ್ತೊಂದಕ್ಕೆ ಲಾಗ ಹಾಕಿ ದಾಟಿದೆ. ಕಾನೂನು ಗೊತ್ತಿಲ್ಲದೆ ಹೋದವನೂ ಅಲ್ಲ. ಅನುಮತಿ ಇಲ್ಲದೆ ಬೇರೆಯವರ ಕಟ್ಟಡದೊಳಗೆ ತೊಂದರೆ ಕೊಡುವ ಉದ್ದೇಶದಿಂದ ಹೋದರೆ ಅತಿಕ್ರಮಣ, ಒಂದು ವರ್ಷದ ತನಕ ಜೈಲು. ಸೂರ್ಯ ಮುಳುಗಿದ ಮೇಲೆ ಕಳ್ಳದಾರಿಯಲ್ಲಿ ನುಗ್ಗಿದರೆ ಇನ್ನೂ ಜಾಸ್ತಿ. ಅದಕ್ಕೇ ಹಗಲಿನಲ್ಲೇ ಹೋದೆ. ಜೈಲಿಗೆ ನಾನು ಹೆದರುವವನಲ್ಲ, ಆದರೆ ನಾನು ಹೋದರೆ ಅಲ್ಲಿನ ಸಾಂಬಾರು ಸುಧಾರಿಸಿ, ಬಿಡುಗಡೆಯಾದ ಕೈದಿಗಳು ಮನೆಗೆ ಹೋಗಲು ಒಪ್ಪದೆ ಸರಕಾರಕ್ಕೆ ತಲೆನೋವಾಗುತ್ತದೆ.

ಹಾಗಾದರೆ ಅಲಾರಾಂ ಹೊಡೆದದ್ದು ಹೇಗೆ ಎಂದು ಅನಿಲಕುಮಾರ ಕೇಳಿದ. ಪಾರಿವಾಳ ಎಂದೆ. ನಾನು ದಾಟಿದ ಕಿರಣವನ್ನು ದಾಟಲು ಹೋಗಿ ಅದು ಎಡವಿತು. ಆ ಸದ್ದಿಗೆ ಏರ್‌ಪೋರ್ಟಿನಲ್ಲಿ ಇಳಿಯಬೇಕಿದ್ದ ವಿಮಾನ ಮತ್ತೆ ಮೇಲಕ್ಕೆ ಹೋಯಿತು. ಮುಂದಿನ ಶಟರು ತುಕ್ಕು ಹಿಡಿದು ನೆಲದಿಂದ ಒಂದೂವರೆ ಗೇಣು ಮೇಲೆ ನಿಂತಿತ್ತು. ನಾನು ನೆಲಕ್ಕೆ ಮಲಗಿ, ಬಾಗಿಲ ಸಂದಿಯಲ್ಲಿ ಪೇಪರಿನವನು ಪೇಪರ್ ತಳ್ಳುತ್ತಾನಲ್ಲ, ಹಾಗೆ ಜಾರಿ ಹೊರಬಂದೆ.

"ಒಂದೂವರೆ ಗೇಣಾ?" ಎಂದ ಅನಿಲಕುಮಾರ, ನನ್ನನ್ನು ಅಡ್ಡಡ್ಡ ನೋಡುತ್ತ. "ಹೊಟ್ಟೆಯನ್ನು ಒಳಗೇ ಬಿಟ್ಟು ಬಂದ್ರಾ? ಇಲ್ಲ, ಅದನ್ನೂ ನೆರಳಿನ ಜೊತೆ ಹೊರಗೇ ನಿಲ್ಲಿಸಿದ್ರಾ?"

ಹೊಟ್ಟೆ ಎನ್ನುವುದು ಬರೀ ಗಾಳಿ, ಉಸಿರು ಹಿಡಿಯಲು ಬಂದವನಿಗೆ ಅದು ಇದ್ದೂ ಇಲ್ಲದ ಹಾಗೆ ಎಂದು ನಾನು ಉತ್ತರ ಕೊಡುತ್ತಿದ್ದಾಗ, ಮೂಲೆಯ ಟೇಬಲಿನಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬರು ತಲೆ ಎತ್ತಿದರು. ಬಿಳಿ ಸಫಾರಿ, ಕಿವಿಯಲ್ಲಿ ಕೂದಲು, ನಾನು ಯಾವತ್ತೂ ನೋಡದ ಮುಖ.

"ಅಲ್ರೀ, ಗೇಟಿನಾಗ ವಾಚ್‌ಮನ್ ಇರ್ತಾನಲ್ಲ. ಅಂವಾ ಏನ್ ಮಾಡ್ಲಿಕ್ಕತ್ತಿದ್ದ?"

ನಿಶ್ಮಿತಾಳ ಮುಖ ಕಣ್ಣ ಮುಂದೆ ಬಂತು. ಆದರೆ ಟೇಬಲುಗಳೆಲ್ಲ ನನ್ನ ಕಡೆ ತಿರುಗಿದ್ದವು, ಭಟ್ಟರು ಕೂಡ ಸಟ್ಟುಗ ಹಿಡಿದುಕೊಂಡೇ ಬಂದು ನಿಂತಿದ್ದರು. ಅಂಥ ಹೊತ್ತಿನಲ್ಲಿ, ವಾಚ್‌ಮನ್ ಬಾಗಿಲು ತೆಗೆದ ಎಂದರೆ ಕಥೆ ಅಲ್ಲೇ ಸತ್ತುಹೋಗುತ್ತದೆ.

"ಮಲಗಿದ್ದ ಮಾರಾಯ್ರೆ," ಎಂದೆ. "ಅವನ ಗೊರಕೆಗೆ ಗೇಟಿನ ಚಿಲಕ ತನ್ನಷ್ಟಕ್ಕೇ ಕುಣಿದು ಕಳಚಿತು. ನನಗೆ ಕೀಲಿ ಬೇಕಾಗ್ಲೇ ಇಲ್ಲ."

ಎಲ್ಲರೂ ನಕ್ಕರು. ಸಫಾರಿಯವರು ನಗಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು, ನನಗೆ ಕೈಮುಗಿದು ಹೋದರು. ನನ್ನ ಕಥೆ ಕೇಳಿ ಕಾಫಿ ಮರೆತ ಎಷ್ಟೋ ಜನರನ್ನು ನಾನು ನೋಡಿದ್ದೇನೆ, ಇವರೂ ಹಾಗೇ ಅಂದುಕೊಂಡೆ.

ಸಂಜೆ ನಿಶ್ಮಿತಾ ಬಂದಳು. ಜೊತೆಗೆ ಸುಂದ್ರವ್ವ. ಸುಂದ್ರವ್ವನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಯ ಗಂಟಿತ್ತು. ಅವರು ಇಂಡಿ ತಾಲೂಕಿನ ಕಡೆಯವರು. ಆ ಖೋಲಿಯ ಮುಂದೆ ಒಲೆ ಹೂಡಿ, ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದ ತಮ್ಮ ಕಡೆಯ ಜನಕ್ಕೆಲ್ಲ ರೊಟ್ಟಿ ಬಡಿದು ಕೊಡುತ್ತಾಳೆ. ಭಾನುವಾರ ನನಗೂ ಕೊಟ್ಟಿದ್ದಳು, ಶೇಂಗಾ ಹಿಂಡಿಯ ಜೊತೆ. ಗಂಟನ್ನು ಗಲ್ಲಾದ ಮೇಲಿಟ್ಟು, ಅಣ್ಣಾರ ನಿಮಗ ಎಂದು ತಂದೀನಿ, ಅವತ್ತ ಭಾಳ ಮೆಚ್ಚಿದ್ರಿ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ವಿಷಯ ಹೇಳಿದಳು. ಏಜೆನ್ಸಿಯ ಸೂಪರ್‌ವೈಜರ್ ಬಸವಂತರಾಯ ಎನ್ನುವವರು ಮಧ್ಯಾಹ್ನ ಬಂದು, ನಾಳೆ ಯೂನಿಫಾರ್ಮ್ ಬಿಚ್ಚಿಡು, ಖೋಲಿ ಖಾಲಿ ಮಾಡು ಎಂದು ಹೇಳಿಹೋಗಿದ್ದರು. ಖಂಡಪ್ಪ ಮಲಗಿದ್ದನ್ನು ಕಣ್ಣಾರೆ ಕಂಡವರೇ ಹೇಳಿದ್ದಾರಂತೆ.

"ಯಾರು ಅಂತ ಹೆಸರು ಹೇಳವಲ್ರು ಅಣ್ಣಾರ," ಎಂದಳು. "ಅವತ್ತ ನಮ್ಮನಿಯಾಂವ ಏನ್ ಮಾಡ್ತಿದ್ದಾಂತ ನಿಮಗ ಗೊತ್ತೈತಿ. ನೀವು ಒಂದ್ ಮಾತ ಹೇಳಿದ್ರ ಸಾಕು."

ನಾನು ರೊಟ್ಟಿಯ ಗಂಟನ್ನು ನೋಡುತ್ತ ಕುಳಿತೆ. ಸಫಾರಿ, ಕಿವಿಯ ಕೂದಲು, ಅರ್ಧ ಉಳಿದ ಕಾಫಿ, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ನಿಶ್ಮಿತಾ ನನ್ನನ್ನೇ ನೋಡುತ್ತಿದ್ದಳು. ಅವಳು ಹುಟ್ಟಿದಂದಿನಿಂದ ನನ್ನನ್ನು ಬಲ್ಲವಳು. ಸುಂದ್ರವ್ವನಿಗೆ ಚಹಾ ತರಿಸಿ ಫ್ಯಾನಿನ ಕೆಳಗೆ ಕೂರಿಸಿ, ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದೊಯ್ದಳು.

"ಮಾಮ, ಸಚ್ ಬೋಲಿಯೇ. ನೀವೇ ಅಲ್ವಾ?"

ನಾನು ಕಥೆ ಹೇಳಿದ್ದಷ್ಟೇ, ಸಾಕ್ಷಿ ಹೇಳಿದ್ದಲ್ಲ ಎಂದೆ.

ಅವಳು ಹಣೆ ಚಚ್ಚಿಕೊಂಡು ನನಗೆ ಕಾನೂನು ತಿಳಿಸಿದಳು. ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಹಿಂದಿಯ ಊರುಗೋಲು ಹಿಡಿಯುತ್ತದೆ, ಆದರೆ ಕಾನೂನು ಮಾತ್ರ ಎಲ್ಲೂ ಎಡವುವುದಿಲ್ಲ. ಅವಳ ಗುಂಪಿನವರು ಮಾಲೀಕರ ಅನುಮತಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಬೀಗ ಮುರಿಯಲಿಲ್ಲ, ಏನೂ ಕದಿಯಲಿಲ್ಲ ಎಂದ ಮಾತ್ರಕ್ಕೆ ಬಚಾವಾಗುವುದಿಲ್ಲ, ಹೊರಗೆ ಹೋಗು ಎಂದಮೇಲೂ ಹಟದಿಂದ ನಿಂತರೆ ಅದೂ ತಪ್ಪೇ. ಅಲಾರಾಮಿನ ಪ್ಯಾನಲನ್ನು ಮುಟ್ಟಬಾರದು. ಹೊಡೆದರೆ ಓಡಬಾರದು. ಇದ್ದಲ್ಲೇ ಕೈ ಕಾಣುವ ಹಾಗೆ ನಿಂತು, ಕಾವಲಿನವನು ಬಂದಾಗ ಯಾರು ಏನು ಎಂದು ಹೇಳಬೇಕು. ಭಾನುವಾರ ಅವಳು ಬಿಲ್ಡರನ ಆಫೀಸಿನಿಂದ ಅನುಮತಿ ಪಡೆದೇ ಹೋಗಿದ್ದಳು. ಅಂದರೆ ನಿಜದಲ್ಲಿ ನನ್ನ ಮೇಲೆ ಯಾವ ಅಪರಾಧವೂ ಇರಲಿಲ್ಲ. ಆದರೆ ನಾನು ಹೇಳಿದ ಕಥೆಯಲ್ಲಿ ನಾನು ಪಕ್ಕಾ ಅಪರಾಧಿ, ಒಂದು ವರ್ಷದ ತನಕ ಒಳಗೆ ಹಾಕಬಹುದಾದ ಅತಿಕ್ರಮಣಕಾರ.

"ಮಾಮ, ನೀವು ದುನಿಯಾದಲ್ಲೇ ಪೆಹಲಾ ಮನುಷ್ಯ," ಎಂದಳು. "ಮಾಡದ ಕ್ರೈಮ್ ಅನ್ನು ಗಲ್ಲಾದಲ್ಲಿ ಕೂತು ಕನ್‌ಫೆಸ್ ಮಾಡಿದ್ದು."

ದುನಿಯಾದಲ್ಲೇ ಮೊದಲನೆಯವನು ಎಂದದ್ದು ನನಗೆ ಸ್ವಲ್ಪ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಫ್ಯಾನಿನ ಕೆಳಗೆ ಸುಂದ್ರವ್ವ ಚಹಾ ಮುಟ್ಟದೆ ಕುಳಿತಿದ್ದಳು. ಸರಿ, ನಾಳೆ ಅವರನ್ನು ಇಲ್ಲಿಗೇ ಕರೆಸು, ನಾನು ಹೇಳುತ್ತೇನೆ ಎಂದೆ. ಖಂಡಪ್ಪನ ಮಾತನ್ನು ಎದುರಿಗೆ ಕೇಳದೆ ಕೆಲಸದಿಂದ ತೆಗೆಯುವ ಹಾಗಿಲ್ಲ ಎಂದು ನಿಶ್ಮಿತಾ ಆಗಲೇ ಫೋನಿನಲ್ಲಿ ಬಸವಂತರಾಯರ ಜೊತೆ ಜಗಳಕ್ಕೆ ನಿಂತಳು.

ಬುಧವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದು ತಿಂಡಿ ಇನ್ನೂ ಶುರುವಾಗದ ಹೊತ್ತು. ಆ ಹೊತ್ತಿಗೆ ನಾವು ಶಟರನ್ನು ಅರ್ಧ ಇಳಿಸುತ್ತೇವೆ. ಸಪ್ಲೈಯರುಗಳು ಟೇಬಲು ಜೋಡಿಸಿ ಸ್ವಲ್ಪ ಕಣ್ಣು ಮುಚ್ಚುತ್ತಾರೆ, ತೀರ ಬೇಕಾದವರು ಬಗ್ಗಿ ಒಳಗೆ ಬರುತ್ತಾರೆ. ಹಾಗೆ ಬಗ್ಗಿ ಮೊದಲು ಬಂದವನು ಅನಿಲಕುಮಾರ, ಏನೋ ನಡೆಯಲಿದೆ ಎಂಬ ವಾಸನೆ ಅವನಿಗೆ ಹೇಗೋ ಬಡಿದಿತ್ತು. ಅವನ ಹಿಂದೆ ಅದೇ ಬಿಳಿ ಸಫಾರಿಯ ಬಸವಂತರಾಯರು, ನಿಶ್ಮಿತಾ, ಕೊನೆಗೆ ಖಂಡಪ್ಪ. ಖಂಡಪ್ಪ ಸಣಕಲು ಮನುಷ್ಯ, ಮೀಸೆ ಮಾತ್ರ ದೊಡ್ಡದು. ಯೂನಿಫಾರ್ಮ್ ಇನ್ನೂ ಮೈಮೇಲಿತ್ತು. ಹಿಂದಿರುಗಿಸಲೆಂದು ಒಗೆದು ಇಸ್ತ್ರಿ ಮಾಡಿಸಿದ್ದ.

ನಾನು ನೇರವಾಗಿ ಹೇಳಿಬಿಟ್ಟೆ: ಖಂಡಪ್ಪ ಮಲಗಿರಲಿಲ್ಲ, ಎಚ್ಚರವಾಗಿದ್ದ. ಜೀವನದಲ್ಲಿ ಅಷ್ಟು ಚಿಕ್ಕ, ಅಷ್ಟು ಬೋಳಾದ ಮಾತನ್ನು ನಾನು ಹೇಳಿದ್ದೇ ಇಲ್ಲ. ಬಸವಂತರಾಯರು ನಂಬಲಿಲ್ಲ.

"ನಿನ್ನೆ ಗೊರಕಿ ಹೊಡಿತಿದ್ದ, ಇವತ್ತ ಎಚ್ಚರ ಅದಾನ," ಎಂದರು. "ನಿಮ್ಮ ಸೊಸಿ ಮೊದಲಿಂದ್ಲೂ ಖಂಡಪ್ಪನ ಕಡಿ, ಆಕಿ ಬಂದು ಹೇಳಿದ್ಲಂತ ನೀವೂ ತಿರುವಿ ಹಾಕ್ಲಿಕ್ಕತ್ತೀರಿ. ನಿಮ್ಮ ಯಾವ ಮಾತ ನಂಬಬೇಕ್ರೀ ನಾ?"

ಭಟ್ಟರು ಅಡುಗೆಮನೆಯಿಂದಲೇ, ಯಾವುದನ್ನೂ ನಂಬುವ ರೂಢಿ ಇಲ್ಲಿಲ್ಲ ಎಂದರು. ಸಹಾಯಕ್ಕೆಂದೇ ಹೇಳಿದ್ದು, ಆದರೆ ಖಂಡಪ್ಪನ ಮುಖ ಇನ್ನಷ್ಟು ಸಣ್ಣದಾಯಿತು. ನನಗೆ ಮೊದಲ ಬಾರಿ ನನ್ನ ವಿದ್ಯೆಯ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಸುಳ್ಳನ್ನು ನಿಜದ ಹಾಗೆ ಹೇಳಿ ಹೇಳಿ, ಈಗ ನಿಜವೊಂದನ್ನು ಹೇಳಿದರೆ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು.

ಬಸವಂತರಾಯರು ಕುರ್ಚಿ ಎಳೆದು ಕುಳಿತು ಲೆಕ್ಕವನ್ನು ಬಿಡಿಸಿಟ್ಟರು. ಅಲಾರಾಂ ಹೊಡೆದರೆ ಕಾವಲಿನವನು ಮೊದಲು ಪ್ಯಾನಲ್ ಬಳಿ ಹೋಗಬೇಕು, ಕಂಟ್ರೋಲ್ ರೂಮಿನ ಫೋನ್ ಎತ್ತಬೇಕು, ಕಾರಣ ಹೇಳಬೇಕು. ಅವತ್ತು ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಕ್ಯಾಮೆರಾದ ವೈರನ್ನು ಇಲಿ ಕಡಿದಿತ್ತು, ಅದರಿಂದ ನೋಡುವ ಹಾಗೂ ಇಲ್ಲ. ಖಂಡಪ್ಪ ಹೇಳುವ ಕಾರಣ ಏನೆಂದರೆ, ಹೋಟೆಲಿನ ಅಣ್ಣಾರು ಮುಂದಿನ ಶಟರಿನ ಕೆಳಗೆ ಸಿಕ್ಕಿಬಿದ್ದಿದ್ದರು, ಅವರನ್ನು ಎಳೆಯುತ್ತಿದ್ದೆ ಎಂದು. ಅದು ನಿಜವೇ ಎಂದು ನೋಡಲೆಂದೇ ಅವರು ಮಂಗಳವಾರ ಇಲ್ಲಿಗೆ ಕಾಫಿಗೆ ಬಂದದ್ದು. ಹೋಟೆಲಿನ ಅಣ್ಣಾರು ಹೇಳುವುದೇನೆಂದರೆ, ಪೇಪರಿನ ಹಾಗೆ ಜಾರಿ ಹೊರಬಂದೆ ಎಂದು.

"ಎರಡರಾಗ ಒಂದು ಸುಳ್ಳು," ಎಂದರು. "ಮಾತ ಬ್ಯಾಡ. ಇಲ್ಲೂ ಶಟರ್ ಅದ. ಅಲ್ಲೀದು ಎಷ್ಟ ಎತ್ತರಕ್ಕ ನಿಂತದಂತ ನಾ ಅಳದು ಬಂದೀನಿ. ಅಷ್ಟಕ್ಕ ಇಳಸ್ರಿ. ಇವರು ದಾಟಿದ್ರ ಖಂಡಪ್ಪ ಮನಿಗಿ. ಸಿಕ್ಕೊಂಡ್ರ ಖಂಡಪ್ಪ ಡ್ಯೂಟಿಗಿ."

ಅನಿಲಕುಮಾರ ನನಗಿಂತ ಮೊದಲೇ ಶಟರಿನ ಕೊಕ್ಕೆ ಹಿಡಿದಿದ್ದ. ಬಸವಂತರಾಯರು ನೆಲಕ್ಕೆ ಗೇಣು ಇಟ್ಟು, ಅದರ ಮೇಲೆ ಅರ್ಧ ಗೇಣು ಇಟ್ಟು, ಇಲ್ಲಿಗೆ ಎಂದರು. ಶಟರು ಕಿರುಗುಟ್ಟುತ್ತ ಇಳಿದು ನಿಂತಿತು. ಎರಡು ಕಡೆಯ ಚಿಲಕ ಹಿಡಿದು ಒಬ್ಬೊಬ್ಬ ಸಪ್ಲೈಯರ್ ಕುಳಿತರು, ಅದು ಅಲುಗದ ಹಾಗೆ.

ಈಗ ನಿಮಗೆ ಒಂದು ಮಾತು ಹೇಳಬೇಕು. ನಾನು ಸೀದಾ ಹೋಗಿ ಮಲಗಿ, ಸಿಕ್ಕಿಕೊಂಡು, ಕೈಮುಗಿದಿದ್ದರೆ ಮುಗಿಯುತ್ತಿತ್ತು. ಹಾಗೆಂದೇ ಎದ್ದೆ. ಆದರೆ ಶಟರಿನ ಕೆಳಗಿನ ಸಂದಿಯಿಂದ ರಸ್ತೆಯ ಬೆಳಕು ಬರುತ್ತಿತ್ತು, ಹೊರಗೆ ಆಗಲೇ ನಾಲ್ಕೈದು ಜೊತೆ ಚಪ್ಪಲಿಗಳು ನಿಂತಿದ್ದವು, ಒಳಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಆ ಕಥೆಯನ್ನು ನಾನು ಒಂದೇ ಬಾರಿ ಹೇಳಿದ್ದು, ಆದರೂ ಅದು ನನಗೆ ಬಾಯಿಪಾಠವಾಗಿತ್ತು. ಒಂದು ಗಳಿಗೆ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಬಂದುಬಿಟ್ಟಿತು. ಯಾರಿಗೆ ಗೊತ್ತು, ದಾಟಿದರೂ ದಾಟಬಹುದು. ದಾಟಿದ ಮೇಲೆ ಖಂಡಪ್ಪನಿಗೆ ಬೇರೆ ದಾರಿ ನೋಡಿದರಾಯಿತು ಎಂಬ ಪಾಪದ ಯೋಚನೆ ಕೂಡ ಸುಳಿದುಹೋಯಿತು, ದೇವರು ಕ್ಷಮಿಸಲಿ.

ನೆಲಕ್ಕೆ ಬೋರಲು ಮಲಗಿದೆ. ಉಸಿರು ಪೂರ್ತಿ ಹೊರಗೆ ಬಿಟ್ಟೆ. ತಲೆ ದಾಟಿತು, ಹೆಗಲು ದಾಟಿತು. ರಸ್ತೆಯ ಗಾಳಿ ಮುಖಕ್ಕೆ ಬಡಿದಾಗ ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಹೊಟ್ಟೆ ಬಂತು. ಹೊಟ್ಟೆ ಬರೀ ಗಾಳಿಯಲ್ಲ ಎಂದು ನಾನು ಈಗ ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಂಭಾಗ ಜೋಗೇಶ್ವರಿಯ ರಸ್ತೆಗೆ, ಹಿಂಭಾಗ ಪಂಚಮಿ ರಿಫ್ರೆಶ್‌ಮೆಂಟ್ಸಿಗೆ. ಒಳಗಿನವರಿಗೆ ಎರಡು ಕಾಲು ಕಾಣುತ್ತಿದ್ದವು, ಹೊರಗಿನವರಿಗೆ ಒಂದು ತಲೆ. ರಿಕ್ಷಾದವನೊಬ್ಬ ಗಾಡಿ ನಿಲ್ಲಿಸಿ, ಕ್ಯಾ ಹುವಾ ಸೇಠ್, ಕುಛ್ ಗಿರ್ ಗಯಾ ಕ್ಯಾ ಎಂದು ಕೇಳಿದ.

ಒಳಗಿನಿಂದ ಖಂಡಪ್ಪನ ದನಿ ಕೇಳಿಸಿತು.

"ಸಾಹೇಬ್ರ, ಎಳೀಲ್ಯೋ ಬ್ಯಾಡೋ? ಅವತ್ತೂ ಹಿಂಗ ಇತ್ತು. ಇದಽ ಕಾಲು, ಇದಽ ಚಪ್ಪಲಿ."

ಬಸವಂತರಾಯರು, ತಡಿ, ಮೊದಲು ಮಾತು ಹೊರಗೆ ಬರಲಿ, ಆಮೇಲೆ ಮನುಷ್ಯ ಬರಲಿ ಎಂದರು. ಅವರ ಮಾತಿನಲ್ಲಿ ಮೊದಲ ಬಾರಿ ನಗುವಿತ್ತು. ಅನಿಲಕುಮಾರ ಹಿಂಬಾಗಿಲಿನಿಂದ ಓಡಿ ಸುತ್ತಿಬಂದು, ರಸ್ತೆಯಲ್ಲಿ ನನ್ನ ತಲೆಯೆದುರು ಕುಕ್ಕರುಗಾಲಿನಲ್ಲಿ ಕುಳಿತ.

ಹಾಗೆ ಮಲಗಿಕೊಂಡೇ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡೇ ಹೇಳಿದೆ. ಕೆಂಪು ಕಿರಣ ಒಂದೂ ಇರಲಿಲ್ಲ. ಲಾಗ ಹಾಕುವುದು ಹಾಗಿರಲಿ, ಯಕ್ಷಗಾನದಲ್ಲಿ ನಾನು ಚೌಕಿಯಲ್ಲಿ ಬಣ್ಣ ಹಚ್ಚುವವರಿಗೆ ಚಹಾ ಕೊಟ್ಟವನು. ಅನುಮತಿ ಇತ್ತು. ಖಂಡಪ್ಪನೇ ಹಿಂಬಾಗಿಲ ಬೀಗ ತೆಗೆದು, ಏನನ್ನೂ ಮುಟ್ಟಬೇಡಿ ಅಣ್ಣಾರ ಎಂದು ಹೇಳಿ, ನಿಶ್ಮಿತಾಳಿಗೆ ಮೇಲಿನ ಫ್ಯಾಮಿಲಿ ರೂಮು ತೋರಿಸಲು ಹೋದ. ನಾನು ಕೆಳಗೆ ಒಬ್ಬನೇ ಉಳಿದೆ.

"ಪಾರಿವಾಳ?" ಎಂದು ಬಸವಂತರಾಯರು ನನ್ನ ಕಾಲುಗಳನ್ನು ಕೇಳಿದರು.

ಪಾರಿವಾಳವೂ ಇಲ್ಲ. ಅಲ್ಲಿ ಪ್ಲೈವುಡ್ಡಿನ ಹಿಂದೆ ಧಣಿಗಳ ಗಲ್ಲಾ ಹಾಗೇ ಇತ್ತು. ಗೋಡೆಯ ಮೇಲೆ ದೇವರ ಪಟವೂ ಇತ್ತು, ಕೃಷ್ಣನ ಮುಖ ಕಾಣದಷ್ಟು ಧೂಳು ಹಿಡಿದು. ಧಣಿಗಳು ನನ್ನನ್ನು ಗಲ್ಲಾದ ಬಳಿ ಕರೆದದ್ದು ಲೋಟ ಒಡೆದ ದಿನಗಳಲ್ಲಿ ಮಾತ್ರ. ಆ ಕುರ್ಚಿಯಲ್ಲಿ ಅವರ ಮಕ್ಕಳನ್ನೂ ಅವರು ಕೂರಿಸುತ್ತಿರಲಿಲ್ಲ. ಸಪ್ಲೈಯರ್ ಆಗಿದ್ದಷ್ಟು ದಿನವೂ ನನಗೆ ಒಂದೇ ಆಸೆ ಇತ್ತು, ಒಂದು ಸಲ ಅಲ್ಲಿ ಕೂರಬೇಕು ಎಂದು. ಈಗ ನೋಡುವವರು ಯಾರೂ ಇರಲಿಲ್ಲ.

"ಕೂತ್ರಾ ಮಾಮ?" ಎಂದಳು ನಿಶ್ಮಿತಾ. ಇಷ್ಟು ಅವಳಿಗೂ ಗೊತ್ತಿರಲಿಲ್ಲ.

"ಹಾಗೇ ಹೇಗೆ ಕೂರುದು?" ಎಂದೆ. "ದೇವರಿಗೆ ಊದುಬತ್ತಿ ಹಚ್ಚದೆ ಗಲ್ಲಾದಲ್ಲಿ ಕೂತವ ನಾನಲ್ಲ. ನಮ್ಮ ಹೋಟೆಲಿಗೆ ಅಂತ ಬೆಳಿಗ್ಗೆ ತೆಕ್ಕೊಂಡ ಪ್ಯಾಕೆಟ್ ಕಿಸೆಯಲ್ಲೇ ಇತ್ತು. ಎಷ್ಟು ವರ್ಷದ್ದು ಬಾಕಿ ಉಂಟೋ ಏನೋ, ಒಂದು ಕಡ್ಡಿ ಸಾಕಾಗ್ಲಿಕ್ಕಿಲ್ಲ ಅಂತ ಇಡೀ ಪ್ಯಾಕೆಟ್ ಹಚ್ಚಿದೆ."

ಒಳಗಿನಿಂದ ಭಟ್ಟರು, ಅದು ಸರಿಯೇ, ಹಚ್ಚದೆ ಕೂರುವ ಹಾಗಿಲ್ಲ ಎಂದರು. ಹೋಟೆಲಿನ ಸಪ್ಲೈಯರುಗಳು ಎಲ್ಲರೂ ಹೌದು ಹೌದು ಎಂದರು. ಬಸವಂತರಾಯರು ಮಾತ್ರ, ಗಲ್ಲಾದ ನೆತ್ತಿಯ ಮೇಲೇ ಹೊಗೆಯ ಅಲಾರಾಮನ್ನು ಕೂರಿಸಿದವನು ನಾನೇ ಎಂದು ನಿಟ್ಟುಸಿರು ಬಿಟ್ಟರು. ಮುಚ್ಚಿದ ಹೋಟೆಲಿಗೆ ಯಾರಾದರೂ ಪೂಜೆ ಮಾಡಲು ಬರುತ್ತಾರೆಂದು ಅವರು ಯೋಚಿಸಿರಲಿಲ್ಲ.

ಮುಂದಿನದು ನಿಮಗೆ ಗೊತ್ತಾಗಿಯೇ ಇದೆ. ಕೂರಲು ಬಗ್ಗಿದೆ, ಅಲಾರಾಂ ಕೂಗಿತು. ಓಡಬೇಡಿ ಎಂದದ್ದು ಮರೆತುಹೋಯಿತು, ಬಂದ ಹಿಂಬಾಗಿಲೂ ಮರೆತುಹೋಯಿತು. ಹೋಟೆಲಿನವನಿಗೆ ಬಾಗಿಲು ಎಂದರೆ ಮುಂದಿನ ಶಟರೇ. ಸಂದಿಯಲ್ಲಿ ತಲೆ ತೂರಿಸಿದೆ, ಸಿಕ್ಕಿಕೊಂಡೆ, ಖಂಡಪ್ಪಾ ಸತ್ತೆ ಎಂದು ಕಿರುಚಿದೆ. ಅವನು ಮೇಲಿನಿಂದ ಧಡಧಡ ಇಳಿದು ಬಂದ. ಪ್ಯಾನಲ್ಲಿಗೆ ಹೋಗಲು ಹೊರಟವನನ್ನು, ಮೊದಲು ನನ್ನನ್ನು ಎಳೆ ಎಂದು ಕೂಗಿ ಕರೆದದ್ದು ನಾನೇ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಎರಡೂ ಕೈಯಿಂದ ನನ್ನ ಕಾಲು ಹಿಡಿದಿದ್ದ. ಫೋನ್ ಎತ್ತಲು ಅವನಿಗೆ ಮೂರನೇ ಕೈ ಇರಲಿಲ್ಲ.

ಬಸವಂತರಾಯರು ಎದ್ದ ಸದ್ದು ಕೇಳಿಸಿತು. ಖಂಡಪ್ಪನ ಹೆಗಲ ಮೇಲೆ ಕೈಯಿಟ್ಟರೆಂದು ನಿಶ್ಮಿತಾ ಆಮೇಲೆ ಹೇಳಿದಳು.

"ಯೂನಿಫಾರ್ಮ್ ಬಿಚ್ಚಬ್ಯಾಡ," ಎಂದರು. "ಇನ್ನೊಮ್ಮಿ ಹಿಂಗಾದ್ರ ಮೊದಲ ಪ್ಯಾನಲ್, ಆಮೇಲ ಮನುಷ್ಯಾ. ತಿಳೀತಿಲ್ಲೋ? ಈಗ ಎಳಿ."

ಖಂಡಪ್ಪ ಎಳೆದ. ನಾನು ಬರಲಿಲ್ಲ. ಚಿಲಕ ಹಿಡಿದು ಕುಳಿತ ಸಪ್ಲೈಯರುಗಳು ನಗುತ್ತ ನಗುತ್ತ ಏಳಲಾರದೆ ಹೋಗಿದ್ದರು. ರಸ್ತೆಯಲ್ಲಿ ಜನ ಸೇರಿದ್ದರು. ಅನಿಲಕುಮಾರ ಇನ್ನೂ ನನ್ನ ಮುಖದ ಮುಂದೆಯೇ ಕುಳಿತಿದ್ದ, ನೆಲವನ್ನು ಆ ಕಡೆ ಈ ಕಡೆ ಹುಡುಕುತ್ತ.

"ಎಲ್ಲ ಸರಿ ಸುಕೇಶಣ್ಣ. ಆ ನೆರಳು ಎಲ್ಲಿ? ಇವತ್ತೂ ಹೊರಗೆ ಕಾಯ್ತಾ ಉಂಟಾ?"

"ಇಲ್ಲ ಮಾರಾಯ," ಎಂದೆ. "ನನ್ನ ಹೊಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡುಂಟು. ಅವತ್ತೂ ಅಲ್ಲೇ ಇದ್ದದ್ದು."